ಚೀಲ ಎತ್ತುವ ಮುನ್ನ

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಅದೂ ದೈಹಿಕ ಶಿಕ್ಷಣದಲ್ಲಿ. "ಜಿಗಿದಾಡೂದ ಕಲಿಯಾಕ ಕಾಲೇಜ್ ಬೇಕೇನ?" ಎಂದು ನಕ್ಕ ಓಣಿಯಲ್ಲೇ, ಸದಲಗಾದಲ್ಲಿ, ಈಗ ನನ್ನ ಜಿಮ್ ಇದೆ. ಅಲ್ಲಿಗೆ ಬಂದವರಲ್ಲಿ ಎಲ್ಲರಿಗಿಂತ ಮೊಂಡ ನನ್ನ ಸ್ವಂತ ಅಣ್ಣ.

ಹಿಂದಿನ ವರ್ಷ ಬೋರಗಾಂವದ ಚೀಲ ಎತ್ತುವ ಪಂದ್ಯದಲ್ಲಿ ಅವನ ಸೊಂಟ ಹಿಡಿದಿತ್ತು. ಉಸುಕಿನ ಚೀಲವನ್ನು ತಬ್ಬಿ ಹೆಗಲಿಗೇರಿಸಿ ಹಿಂದಕ್ಕೆ ಒಗೆಯುವ ಆಟ ಅದು. ನೋವು ಇಳಿದು ಡಾಕ್ಟರು ಒಪ್ಪಿದ ಮೇಲೆ ನನ್ನ ಜಿಮ್ಮಿಗೆ ಬಂದ. ಈ ವರ್ಷವೂ ಎತ್ತಬೇಕೆಂಬುದು ಅವನ ಹಟ. ಸೊಂಟ ಮತ್ತೆ ಹಿಡಿದರೆ ಸುಗ್ಗಿಯಲ್ಲಿ ಕಬ್ಬು ನೋಡುವವರಾರು ಎಂಬುದು ನನ್ನ ಚಿಂತೆ.

ಮೊದಲ ದಿನ ಅವನ ಕೈಗೆ ಖಾಲಿ ರಾಡ್ ಕೊಟ್ಟೆ.

"ಏನ್ ತಂಗಿ, ಚ್ಯಾಷ್ಟಿ ಮಾಡ್ತಿ? ಮುಂಜಾನಿಂದ ಎಮ್ಮಿಗೆ ಮೇವ ಹೊತ್ತೇನಿ. ಮೈ ಕಾದೈತಿ."

"ಮೇವ ಇಳಿಸಿ, ಚಾ ಕುಡದು, ಕಟ್ಟಿ ಮ್ಯಾಲ ಹರಟಿ ಹೊಡದು ಬಂದೀಯಲ್ಲೋ ಅಣ್ಣಾ. ಕಾದದ್ದೆಲ್ಲಾ ಆರೈತಿ. ಬಗ್ಗು, ಏಳು."

ನಮ್ಮ ಕಡೆಯ ಗಂಡಸರ ತಪ್ಪೇ ಇದು. ಹೊಲದ ದುಡಿತವನ್ನೇ ವಾರ್ಮಪ್ ಎಂದುಕೊಳ್ಳುತ್ತಾರೆ. ಪಂದ್ಯದಲ್ಲಿ ಎತ್ತುವುದು ಒಂದೇ ಸಲ; ಹಾಗಾಗಿ ಜಿಮ್ಮಿನಲ್ಲೂ ಇದ್ದಬದ್ದ ಪ್ಲೇಟು ಹಾಕಿ, ಒಂದೇ ಸಲ ಎತ್ತಿ, ಮೀಸೆ ತಿರುವಿ ಹೋಗುತ್ತಾರೆ. ಅಣ್ಣನಿಗೆ ನಾನು ಹಗುರ ಭಾರವನ್ನೇ ಹತ್ತು ಹನ್ನೆರಡು ಸಲ ಎತ್ತಿಸಿದೆ. ಕೊನೆಯ ಸಲವೂ ಬೆನ್ನು ನೆಟ್ಟಗಿದ್ದರೆ ಮಾತ್ರ ಮುಂದಿನ ವಾರ ಸ್ವಲ್ಪ ಹೆಚ್ಚು. ಎತ್ತುವ ರೀತಿ ಮೈಗೆ ಕೂತ ಮೇಲೆ ಭಾರ ಏರಿಸಿ ಐದು ಸಲಕ್ಕೆ ಇಳಿಸಿದೆ. ಪಂದ್ಯ ಹತ್ತಿರ ಬಂದಾಗ ಮೂರಕ್ಕೆ.

"ಭಾಳ ಶಾಣ್ಯಾಕಿ ಆಗೀದಿ ಬಿಡು," ಎಂದು ಗೊಣಗುತ್ತಲೇ ತಪ್ಪದೆ ಬಂದ.

ಪಂದ್ಯದ ದಿನ, ಟ್ರ್ಯಾಕ್ಟರ್ ಹಿಂದೆ ಮೈ ಕಾಯಿಸಲು ಅರ್ಧ ಚೀಲ ಎತ್ತಿ ಇಳಿಸಿ ಮಾಡುತ್ತಿದ್ದ ಅಣ್ಣನನ್ನು ಕಂಡು ಯಾರೋ ಕೂಗಿದರು: "ಪೈಲ್ವಾನ್ರ, ಅರ್ಧಾ ಚೀಲಕ್ಕ ಅರ್ಧಾನ ಹಾರ ಹಾಕ್ತಾರ ನೋಡ್ರಿ!"

ಅಣ್ಣ ತಲೆಯೆತ್ತಲಿಲ್ಲ. ಸರದಿ ಬಂದಾಗ ತುಂಬಿದ ಚೀಲ ಅವನ ಹೆಗಲೇರಿತು, ಹಿಂದಕ್ಕೆ ಬಿತ್ತು. ಸೊಂಟ ಅಲುಗಲಿಲ್ಲ. ನನ್ನ ಓದಿನ ಬಗ್ಗೆ ನನಗೆಂದೂ ಅನುಮಾನವಿರಲಿಲ್ಲ. ಅಂದು ಓಣಿಗೂ ಉಳಿಯಲಿಲ್ಲ.

"ಇನ್ನೂ ದೊಡ್ಡದ ಎತ್ತರಿ!" ಎಂದು ಜನ ಹುರಿದುಂಬಿಸತೊಡಗಿದರು. ಅವನ ಕಣ್ಣು ಮೂಲೆಯ ದೊಡ್ಡ ಚೀಲದ ಕಡೆ ಹೋಯಿತು.

ಅಣ್ಣ ಟಾವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ನಾಳಿಗೆ ಕಬ್ಬ ಕಡಿಯೋ ಗ್ಯಾಂಗ್ ಬರತೈತ್ರಿ. ಸೊಂಟ ಬೇಕಾಗೇತಿ," ಎಂದವನೇ ಮಂದಿಯನ್ನು ಸರಿಸಿಕೊಂಡು ಹೊರಗೆ ಬಂದ.