ಗದ್ದುಗೆಯಿಂದ ಎದ್ದು ನಿಂತ ಅಪ್ಪ

ನಮ್ಮಪ್ಪ ಹೊಸೂರಿನ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಆಗಿದ್ದರು. ಜೊತೆಗೆ ದೊರೆಯ ಮಗನೂ ಆಗಿದ್ದರು. ನಗುವವರು ನಗಲಿ. ಅಂಚೆಟ್ಟಿಯ ಆಚೆ, ಬೆಟ್ಟದ ಐದು ಹಳ್ಳಿಗಳ ಪಾಳೆಯಪಟ್ಟು ನಮ್ಮ ತಾತನದು. ದಾಯಾದಿಗಳು ಅವರನ್ನು ಊರು ಬಿಡಿಸಿದರು. ತಾತ ಕೊರಗಿ ಸತ್ತಾಗ ಅಪ್ಪನಿಗೆ ಇನ್ನೂ ಹಾಲುಹಲ್ಲು. ಉದ್ದನಪಲ್ಲಿಯ ಒಬ್ಬ ವಿಧವೆ, ನೆಂಟಳೂ ಅಲ್ಲ, ನಮ್ಮ ಜಾತಿಯವಳೂ ಅಲ್ಲ, ಕೂಲಿ ಮಾಡಿ ಅಪ್ಪನನ್ನು ಸಾಕಿದಳು. ನಮಗೆ ಅವಳೇ ಅಜ್ಜಿ.

ರಾಜ್ಯದಲ್ಲಿ ಉಳಿದಿದ್ದು ಒಂದು ಕಲ್ಲಿನ ಗದ್ದುಗೆ, ಅದರ ಮೇಲೊಂದು ಕರಿಕಂಬಳಿ, ಅಷ್ಟೆ. ಆಯುಧಪೂಜೆಯ ದಿನ ಅಲ್ಲಿ ಕೂತು ಐದೂ ಹಳ್ಳಿಯ ವೀಳ್ಯ ಪಡೆದವನೇ ದೊರೆ. ಐದನೆಯ ವೀಳ್ಯ ಕೈ ಸೇರುವತನಕ ಯಾರೇ ಬಂದರೂ ಎದ್ದು ನಿಲ್ಲುವಂತಿಲ್ಲ. ನಿಂತರೆ ಹಕ್ಕು ಹೋಯಿತು.

ಅಪ್ಪ ಮೊದಲ ಸಲ ಹೋದಾಗ ದಾಯಾದಿಗಳು ಗದ್ದುಗೆಯ ಮನೆಯ ಬಾಗಿಲಿಗೆ ಬೀಗ ಹಾಕಿದ್ದರು. ಎರಡನೆಯ ಸಲ, ತಾತನ ಕತ್ತಿ ತೋರಿಸು ಅಂದರು. ಕತ್ತಿ ಕಿತ್ತುಕೊಂಡವರೇ ಅವರು! ಮೂರನೆಯ ಸಲ, ಎಂಬತ್ತರ ದಶಕದ ಮೊದಲಲ್ಲಿ, ಗದ್ದುಗೆಯಲ್ಲಿದ್ದ ದಾಯಾದಿ ಗಂಡುಮಕ್ಕಳಿಲ್ಲದೆ ತೀರಿಕೊಂಡಿದ್ದ. ಹಿರಿಯರು ಒಪ್ಪಿದರು. ದೊರೆಮಗಳಾಗುತ್ತೇನೆಂದು ನಾನು ಆಗಲೇ ಸ್ಕೂಲಿಗೆಲ್ಲ ಸಾರಿಬಿಟ್ಟಿದ್ದೆ.

ಅಪ್ಪ ರುಮಾಲು ಸುತ್ತಿ ಕೂತರು. ನಾಲ್ಕು ವೀಳ್ಯ ಬಂತು. ಆಗ ಬಾಗಿಲಲ್ಲಿ ಅಜ್ಜಿ ಕಾಣಿಸಿದಳು. ಮಗ ದೊರೆಯಾಗುವುದನ್ನು ನೋಡಲು ಅಂಚೆಟ್ಟಿಯಿಂದ ನಡೆದೇ ಬಂದಿದ್ದಳು. ಒಬ್ಬ ಕೈ ಅಡ್ಡ ಹಿಡಿದು, "ನೀನು ಹೊರಗೇ ನಿಂತ್ಕೊಳಮ್ಮಿ" ಎಂದ.

ಅಪ್ಪ ಎದ್ದರು. ನೆಟ್ಟಗೆ ಹೋಗಿ ಅಜ್ಜಿಯ ಕೈ ಹಿಡಿದು ಒಳಗೆ ಕರೆತಂದರು.

"ಎದ್ಬುಟ್ಟ ಕಣ್ಲಾ!" ಎಂದು ದಾಯಾದಿಯೊಬ್ಬ ಕೂಗಿದ. "ಗೇಟ್‌ನಾಗೆ ಸಲಾಮ್ ಹೊಡ್ಯೋನಿಗೆ ಕುಂತ್ಕಳದು ಎಲ್ಲಿ ಬತ್ತದೆ?"

ಹಿರಿಯರೊಬ್ಬರಿಗೆ ಪಾಪ ಅನ್ನಿಸಿರಬೇಕು. "ನಾವು ನೋಡ್ಲಿಲ್ಲ ಅಂತೀವಿ ಕಣಪ್ಪ. ಆಯಮ್ಮನ್ನ ಆಚೆಗೆ ಕಳ್ಸು, ಕುಂತ್ಕೊ" ಎಂದರು.

"ನಮ್ಮವ್ವ ಆಚೆ ನಿಂತಿರ್ಬೇಕಾರೆ ನಾನೆಂಗೆ ಕುಂತ್ಕೊಳ್ಳಿ?" ಎಂದ ಅಪ್ಪ, ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

ದಾರಿಯುದ್ದಕ್ಕೂ ಅಜ್ಜಿ ಬೈದಳು. "ಇನ್ನೊಂದೇ ವೀಳ್ಯ ಇತ್ತಲ್ಲೋ, ಒಂದ್ ಗಳಿಗೆ ತಡಕಳಕ್ಕಾಗ್ಲಿಲ್ವ?" ಬಸ್ಸಿನಲ್ಲಿ ಸಿಕ್ಕಿದ ಒಂದು ಸೀಟಿನಲ್ಲಿ ಅಪ್ಪ ಅವಳನ್ನು ಕೂರಿಸಿ, ಹೊಸೂರಿನವರೆಗೂ ನಿಂತೇ ಬಂದರು.

ರಜೆ ಮುಗಿದು ಸ್ಕೂಲು ತೆರೆದಾಗ ಹುಡುಗಿಯರು ಮುತ್ತಿಕೊಂಡು, "ಕೊಟ್ರೇನೆ ನಿಮ್ಮಪ್ಪಂಗೆ ರಾಜ್ಯ?" ಎಂದು ಕೇಳಿದರು.

"ಕೊಟ್ರು," ಎಂದೆ ತಲೆ ಎತ್ತಿ. "ನಮ್ಮಪ್ಪನೇ ಬ್ಯಾಡ ಅಂದ್ರು."