“ನ್ಯೂಟ್ರಾನ್ ಇಲ್ಲ” ಎಂದು ನಾನು ಬರೆಸಿದ್ದು

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ಹಾಲಿನವನು ನಗುನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅಂದುಕೊಳ್ಳುವವಳು ನಾನು. ಯಾದಗಿರಿಯಿಂದ ಶಹಾಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಭೌತಶಾಸ್ತ್ರ ಕಲಿಸುತ್ತಾ ಈ ಗುಣ ಇನ್ನಷ್ಟು ಬಲಿಯಿತು. ಯಾರು ಎಲ್ಲಿಂದ ನಕಲು ಹೊಡೆದರು ಎಂದು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು.

ನಮ್ಮ ಕಡೆ ಪಾಠವೆಂದರೆ ನೋಟ್ಸು. ನಾನು ಹೇಳಬೇಕು, ಮಕ್ಕಳು ಬರೆದುಕೊಳ್ಳಬೇಕು, ಪರೀಕ್ಷೆಯಲ್ಲಿ ಅಕ್ಷರ ಬಿಡದೆ ಹಾಗೇ ಇಳಿಸಬೇಕು. ಹಾಗೆ ಇಳಿಸಿದವರು ಓದಿದವರು. ಒಂದು ಮಾತು ಬೇರೆ ಬಂತೋ, ಅದು ಕದ್ದದ್ದು.

ಆ ವರ್ಷ ಸುರಪುರದ ಒಂದು ಕಾಲೇಜಿನಲ್ಲಿ ವಿಜ್ಞಾನಗೋಷ್ಠಿ. ನಮ್ಮಿಂದ ಒಬ್ಬರೇ ಹೋಗಬೇಕು. ಗೆದ್ದವರಿಗೆ ಬೇಸಿಗೆಯಲ್ಲಿ ಒಂದು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕಲಿಯುವ ಅವಕಾಶ. ವಿಷಯ: ನ್ಯೂಟ್ರಾನ್ ಕಡಿಮೆ ಹೊರಡುವ ಬೈಜಿಕ ಸಮ್ಮಿಲನಕ್ಕೆ ಯಾವ ಇಂಧನಜೋಡಿ ಮೇಲು? ಹಗುರ ಪರಮಾಣುಗಳ ಬೀಜಗಳನ್ನು ಕೂಡಿಸಿ ಶಕ್ತಿ ಪಡೆಯುವ ಕೆಲಸ ಅದು. ಹೈಡ್ರೋಜನ್ನಿನ ಭಾರದ ರೂಪಗಳಾದ ಡ್ಯೂಟೀರಿಯಂ, ಟ್ರಿಷಿಯಂ ಎಲ್ಲಕ್ಕಿಂತ ಸುಲಭವಾಗಿ ಕೂಡುತ್ತವೆ. ಆದರೆ ಶಕ್ತಿಯ ಐದರಲ್ಲಿ ನಾಲ್ಕು ಪಾಲನ್ನು ನ್ಯೂಟ್ರಾನ್ ಹೊತ್ತೊಯ್ದು ರಿಯಾಕ್ಟರಿನ ಗೋಡೆಯನ್ನೇ ಕೆಡಿಸುತ್ತದೆ. ಪ್ರೋಟಾನ್, ಬೋರಾನ್ ಜೋಡಿಯಲ್ಲಿ ಆ ಕಾಟ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಬೇಕಾದ ಕಾವು ಹಲವು ಪಟ್ಟು. ನಡುವೆ ಡ್ಯೂಟೀರಿಯಂ, ಹೀಲಿಯಂ-ಮೂರು ಜೋಡಿ. ಅದರ ಮುಂದೆ ನನ್ನ ನೋಟ್ಸಿನಲ್ಲಿ ವರ್ಷಗಳಿಂದ “ನ್ಯೂಟ್ರಾನ್ ಇಲ್ಲ” ಎಂದೇ ಇತ್ತು.

ಒಬ್ಬರನ್ನು ಆರಿಸಲು ಇದೇ ವಿಷಯದ ಮೇಲೆ ಮಕ್ಕಳಿಂದ ಪ್ರಬಂಧ ಬರೆಸಿದೆ. ಭೀಮಾ ದಂಡೆಯ ಊರಿಂದ ಬರುತ್ತಿದ್ದ, ಮೀನು ಹಿಡಿಯುವವರ ಮನೆಯ ಹುಡುಗಿಯೊಬ್ಬಳು ಮಾತ್ರ ಆ ಜಾಗದಲ್ಲಿ “ಉಂಟು, ಕಡಿಮೆ” ಎಂದು ಬರೆದಿದ್ದಳು. ಅವಳನ್ನು ಸ್ಟಾಫ್ ರೂಮಿಗೆ ಕರೆಸಿದೆ.

“ಎಲ್ಲಿಂದ ಇಳಿಸಿದಿ ಇದನ್ನ?”

“ಎಲ್ಲಿಂದನೂ ಇಲ್ರಿ ಮೇಡಂ. ನಾನೇ ವಿಚಾರ ಮಾಡೀನ್ರಿ.”

“ಖರೇ ಹೇಳು. ಫೋನ್ ನೋಡಿ ಬರದಿಯಿಲ್ಲೋ?”

“ಇಲ್ರಿ. ಮದುವ್ಯಾಗ ಗಂಡಿನ ಕಡೀಯವ್ರು ಬರೇ ಹೆಣ್ಣಿನ ಕಡೀಯವ್ರ ಜೋಡಿ ಜಗಳಾ ಆಡಂಗಿಲ್ಲಲ್ರಿ, ತಮ್ಮ ತಮ್ಮೊಳಗೂ ಬಡದಾಡ್ತಾರ. ಹಂಗ ಡ್ಯೂಟೀರಿಯಂ ಡ್ಯೂಟೀರಿಯಂ ಜೋಡೀನೂ ಕೂಡ್ತದ. ಕೂಡಿದ್ರ ನ್ಯೂಟ್ರಾನ್ ಬರ್ತದಂತ ನೀವೇ ಹೋದ ವಾರ ಹೇಳೀರಿ.”

ಹೇಳಿದ್ದೆ, ಹೌದು. ಆದರೆ ಅದು ಬೇರೆ ಪಾಠ, ಬೇರೆ ಪುಟ. ಎರಡು ಪುಟಗಳನ್ನು ಈ ಹುಡುಗಿ ತಾನಾಗಿ ಕೂಡಿಸಿಕೊಂಡಳು ಎಂದರೆ ಯಾರು ನಂಬುತ್ತಾರೆ? ಇಷ್ಟು ಸಲೀಸಾಗಿ ಉತ್ತರ ಬಂದದ್ದೇ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ್ದಾರೆ ಅಂದುಕೊಂಡು ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದೆ. ನನ್ನ ನೋಟ್ಸನ್ನು ಚಾಚೂ ತಪ್ಪದೆ ಒಪ್ಪಿಸುವ ಇನ್ನೊಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಸುರಪುರಕ್ಕೆ ಹೋದೆ.

ಅಲ್ಲಿನ ತೀರ್ಪುಗಾರರು ವಯಸ್ಸಾದ ಮೇಷ್ಟ್ರು. ನಮ್ಮ ವಿದ್ಯಾರ್ಥಿಯನ್ನು ಅದೇ ಸಾಲಿನ ಹತ್ತಿರ ತಡೆದರು.

“ಡ್ಯೂಟೀರಿಯಂ ತಮ್ಮ ತಮ್ಮೊಳಗ ಕೂಡಂಗಿಲ್ಲೇನಪಾ? ನ್ಯೂಟ್ರಾನ್ ಇಲ್ಲಂತ ಯಾರು ಹೇಳ್ಯಾರ?”

ಅವನು ನನ್ನ ಕಡೆ ತಿರುಗಿದ. “ನಮ್ಮ ಮೇಡಂ ನೋಟ್ಸಿನ್ಯಾಗ ಅದರಿ.”

ಸಭೆ ನಕ್ಕಿತು. ನಾಚಿಕೆಯಿಂದ ಭೂಮಿಗಿಳಿದುಹೋದೆ. ಆ ಸಾಲನ್ನು ನಾನು ಕಲಿಯುವಾಗ ನನ್ನ ಕಾಲೇಜಿನ ಮೇಷ್ಟ್ರ ನೋಟ್ಸಿನಿಂದ ಇಳಿಸಿಕೊಂಡಿದ್ದೆ. ಹಾಲಿನವನನ್ನೂ ಬಿಡದೆ ಅನುಮಾನಿಸಿದವಳು ಅದೊಂದನ್ನು ಮಾತ್ರ ಒಮ್ಮೆಯೂ ಅನುಮಾನಿಸಲಿಲ್ಲ.

ಮರುದಿನ ತರಗತಿಯಲ್ಲಿ ಎಲ್ಲರ ಮುಂದೆಯೇ ಅವಳಿಗೆ ಹೇಳಿದೆ. “ನೀ ಬರದದ್ದು ಖರೇ ಇತ್ತವ್ವಾ. ಹೋಗಬೇಕಾದಾಕಿ ನೀನು. ತಪ್ಪು ನಂದು.”

ಅವಳು ಎದ್ದು ನಿಂತಳು. ಸಿಟ್ಟಿರಲಿಲ್ಲ, ಆದರೆ ನನ್ನ ಮಾತಿನ ಮೇಲೆ ನಂಬಿಕೆಯೂ ಇರಲಿಲ್ಲ.

“ಹಂಗಾದ್ರ ಪರೀಕ್ಷಾದಾಗ ಯಾವುದು ಬರೀಲ್ರಿ ಮೇಡಂ, ಖರೇದೋ, ನಿಮ್ಮ ನೋಟ್ಸಿಂದೋ?”

ಖರೇದು ಅಂತ ಹೇಳಲು ಬಾಯಿ ತೆರೆದೆ. ಅವಳ ಉತ್ತರಪತ್ರಿಕೆ ತಿದ್ದುವವರೂ ನನ್ನಂಥವರೇ ಎಂಬುದು ಆಗ ನೆನಪಾಯಿತು.