ನಾಲಿಗೆ ಕೆಳಗಿನ ಬಿಳಿ ಮಚ್ಚೆ

ಹಳೇ ಸ್ವೆಟರ್ ಹುಡುಕೋಣ ಅಂತ ಟ್ರಂಕು ತೆಗೆದರೆ, ಅಡಿಯಲ್ಲಿ ಗುಲಾಬಿ ಅಂಚಿನ ಪುಟ್ಟ ಕನ್ನಡಿ ಸಿಕ್ಕಿತು. ದೆಹಲಿಯ ಸರೋಜಿನಿ ನಗರದ ಬಜಾರಿನಲ್ಲಿ ಅಂಗಡಿ ಭಯ್ಯಾ ಜೊತೆ ಚೌಕಾಸಿ ಮಾಡಿ ಕೊಂಡದ್ದು. ನನ್ನದಲ್ಲ, ಆರ್.ಕೆ.ಪುರಂ ಕ್ವಾರ್ಟರ್ಸ್‌ನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಕ್ಕನದು.

ಅಕ್ಕ ಹಾಸನದ ಕಡೆಯವಳು. ಇಲ್ಲಿ ಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಎಡಗೈ ಹೆಬ್ಬೆರಳು ಹುಟ್ಟಿನಿಂದಲೇ ಗಿಡ್ಡ. ಅದರ ಜೊತೆಗೇ ಬಂದದ್ದು ಫ್ಯಾನ್ಕೋನಿ ಅನೀಮಿಯಾ ಅನ್ನುವ ಅಪರೂಪದ ರಕ್ತದ ಕಾಯಿಲೆ. "ಅಪ್ಪಂದರ್ಧ, ಅಮ್ಮಂದರ್ಧ, ಪಿತ್ರಾರ್ಜಿತ ಆಸ್ತಿ" ಅನ್ನುತ್ತಿದ್ದಳು. ಚಿಕ್ಕಂದಿನಲ್ಲಿ ತಮ್ಮನ ಅಸ್ಥಿಮಜ್ಜೆ ಹಾಕಿ ರಕ್ತವನ್ನೇನೋ ಸರಿ ಮಾಡಿದ್ದರು. ಆದರೆ ಇಂಥವರಿಗೆ ಬಾಯಿ ಕ್ಯಾನ್ಸರಿನ ಭಯ ತಪ್ಪಿದ್ದಲ್ಲ. ಕಿಮೋ, ರೇಡಿಯೇಷನ್ ಅವಳ ಮೈ ತಡೆಯುವಂತಿರಲಿಲ್ಲ. ಬೇಗ ಕಂಡರೆ ಕತ್ತರಿಸಿ ತೆಗೆಯಬಹುದು, ತಡವಾದರೆ ಕಷ್ಟ.

ಹಾಗಾಗಿ ಭಾನುವಾರ ಬೆಳಿಗ್ಗೆ ಬಾಲ್ಕನಿಯ ಬಿಸಿಲಲ್ಲಿ ಬಾಯಿ ನೋಡುವ ಕಾರ್ಯಕ್ರಮ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿ ಹಿಡಿದ ನಾಲಿಗೆ. ಟಾರ್ಚ್ ನನ್ನ ಪಾಲು.

"ಎರಡು ಕೈ ಸಾಲಲ್ಲ ಕಣೇ. ನನಗಂತೂ ಇರೋದೇ ಒಂದೂಮುಕ್ಕಾಲು."

ಒಮ್ಮೆ ಬಾಯಿ ಮುಕ್ಕಳಿಸಿದ ನೀರಿನ ಪರೀಕ್ಷೆಯಲ್ಲಿ ಎಚ್‌ಪಿವಿ ವೈರಸ್ ಸಿಕ್ಕಿತು. ಎಷ್ಟೋ ಜನರ ಬಾಯಿಗೆ ಬಂದು, ತಾನಾಗಿಯೇ ಹೋಗಿಬಿಡುವ ವೈರಸ್ಸಂತೆ, ಉಳಿದುಬಿಟ್ಟರೆ ಕ್ಯಾನ್ಸರ್ ತರಬಹುದಂತೆ. ಇವಳಲ್ಲಿ ಝಾಂಡಾ ಊರಿತ್ತು. ನನಗೆ ಹೆದರಿಕೆ, ಅವಳಿಗೆ ಕುತೂಹಲ. ಡಾಕ್ಟರ ತಲೆ ತಿಂದಳು: ನನ್ನನ್ನೇ ಯಾಕೆ ಬಿಟ್ಟುಹೋಗಲಿಲ್ಲ? ನಾಳೆ ಕ್ಯಾನ್ಸರ್ ಆದರೆ ತಪ್ಪು ವೈರಸ್ಸಿನದೋ, ರಕ್ತದ್ದೋ? ಅದಿನ್ನೂ ಖಚಿತವಾಗಿ ಗೊತ್ತಿಲ್ಲ ಅಂದರು ಡಾಕ್ಟರು.

"ಅಚ್ಛಾ! ಡಾಕ್ಟರಿಗೂ ಗೊತ್ತಿಲ್ಲದ್ದು ನನ್ನ ಬಾಯಲ್ಲಿದೆ" ಅಂತ ಮನೆಗೆ ಬರುವವರೆಗೂ ಬೀಗಿದಳು.

ಆ ಚಳಿಗಾಲ ನಾಲಿಗೆ ಕೆಳಗೆ, ಎಡಗಡೆ, ಅಕ್ಕಿನುಚ್ಚಿನಷ್ಟು ಬಿಳಿ ಮಚ್ಚೆ ಕಂಡಿತು. ಮೊದಲು ನೋಡಿದ್ದು ನಾನೇ. ಟಾರ್ಚನ್ನು ಸರಕ್ಕನೆ ಪಕ್ಕಕ್ಕೆ ತಿರುಗಿಸಿಬಿಟ್ಟೆ. ಅವಳು ನಾಲಿಗೆ ಬಿಟ್ಟು ಬೈದಳು, "ನೆಟ್ಟಗೆ ಹಿಡಿಯೇ, ನಾನೂ ನೋಡ್ಬೇಕು."

ಕ್ಯಾನ್ಸರಿನ ಶುರುವೇ ಆಗಿತ್ತು, ಬೇಗ ಸಿಕ್ಕಿದ್ದರಿಂದ ಕತ್ತರಿಸಿ ತೆಗೆದುಹಾಕಿದರು. ಮಾತು ಸ್ವಲ್ಪ ತೊದಲಿತು, ಅಷ್ಟೇ. ಮಕ್ಕಳು ನಕ್ಕರೆ ತಾನೂ ನಕ್ಕು ಪಾಠ ಮುಂದುವರಿಸಿದಳು. ನಾವಿಬ್ಬರೂ ಗೆದ್ದೆವು ಅಂದುಕೊಂಡೆ ನಾನು. ಎಷ್ಟೋ ಭಾನುವಾರಗಳು ಹಾಗೇ ಕಳೆದವು...

ಎರಡನೆಯ ಕ್ಯಾನ್ಸರ್ ಗಂಟಲಿನೊಳಗೆ ಬೆಳೆಯಿತು. ನಮ್ಮ ಕನ್ನಡಿಗೂ ಟಾರ್ಚಿಗೂ ಎಟುಕದ ಕಡೆ. ಡಾಕ್ಟರ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿತ್ತು. ಅವಳು ಹೋದಮೇಲೆ ಕ್ವಾರ್ಟರ್ಸ್ ಖಾಲಿ ಮಾಡಲು ಬಂದ ಅವಳ ತಮ್ಮ ಈ ಕನ್ನಡಿ ನನ್ನ ಕೈಗೆ ಕೊಟ್ಟ. ಅವತ್ತು ತುಂಬಾ ಅತ್ತೆ.

ಈಗಲೂ ಯಾವ ಡಾಕ್ಟರು ಸಿಕ್ಕರೂ ಕೇಳುತ್ತೇನೆ, ತಪ್ಪು ವೈರಸ್ಸಿನದೋ, ರಕ್ತದ್ದೋ ಅಂತ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇವತ್ತು ಕನ್ನಡಿ ಒರೆಸಿ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಎಂದಾದರೂ ಸರಿಯಾದ ಉತ್ತರ ಸಿಕ್ಕೀತು. ಓಡಿಹೋಗಿ ಹೇಳೋಣ ಅಂದರೆ, ಎದುರು ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.